ಸುರಂಗ ತೊಳೆದ ಮೇಲೆ

ಕೊಡೆಂಚಾರು ಮನೆ,
ಬಾಯಾರು ಅಂಚೆ, ಕಾಸರಗೋಡು ಜಿಲ್ಲೆ.
೨೦೧೭ ಏಪ್ರಿಲ್ ೨೩, ಆದಿತ್ಯವಾರ

ಪ್ರೀತಿಯ ಮಗ ಯೋಗೀಶನಿಗೆ ಅಮ್ಮನ ಆಶೀರ್ವಾದ.

ಮೊದಲು ನಿನ್ನ ಬೆನ್ನಿನ ವಿಷಯ ಹೇಳು. ಹೋದ ತಿಂಗಳು ಫೋನಿನಲ್ಲಿ ಕೇಳಿದಾಗ "ಈಗ ಪರವಾಗಿಲ್ಲ" ಎಂದೆ. ನಿನ್ನ ಅಪ್ಪನೂ ಕೊನೆಯವರೆಗೆ "ಪರವಾಗಿಲ್ಲ" ಎಂದೇ ಹೇಳುತ್ತಿದ್ದರು. ಹಾಗಾಗಿ ನಮ್ಮ ಮನೆಯ ಗಂಡಸರ ಬಾಯಲ್ಲಿ ಆ ಮಾತು ಬಂದರೆ ನನಗೆ ನಂಬಿಕೆಯಿಲ್ಲ. ಎ.ಸಿ. ಯಂತ್ರ ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವುದು ಇನ್ನು ಕಿರಿಯರ ಕೆಲಸ, ನೀನು ಈಗ ಅವರ ಮೇಲಿನವನು. ಹೊರುವ ಹುಡುಗರನ್ನು ಹೊರಲು ಬಿಡು. ನಮ್ಮ ಕೆಳಗಿನ ಮನೆಯ ಪುರಂದರ ರಜೆ ಮುಗಿಸಿ ಬುಧವಾರ ನಿಮ್ಮ ಶಾರ್ಜಾಕ್ಕೆ ಹೊರಡುತ್ತಾನೆ. ಅವನ ಕೈಯಲ್ಲಿ ಕೊಟ್ಟಂಚುಕ್ಕಾದಿ ತೈಲ ಕಳುಹಿಸಿದ್ದೇನೆ. ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಬೆಚ್ಚಗೆ ಮಾಡಿ ಹಚ್ಚು, ಒಲೆಯ ಮೇಲೆ ನೇರವಾಗಿ ಇಡಬೇಡ. ಹಲಸಿನ ಹಪ್ಪಳ, ಗೇರುಬೀಜ, ಮಾವಿನ ಮಾಂಬಳ ಕೂಡ ಇದೆ. ಹಪ್ಪಳವನ್ನು ರೂಮಿನವರಿಗೆಲ್ಲ ಕೊಡು, ಮಾಂಬಳ ಮಾತ್ರ ನಿನಗೆ. ನಾನು ಸೌಖ್ಯ. ಸಕ್ಕರೆ ಹತೋಟಿಯಲ್ಲಿದೆ. ಮೊಣಗಂಟು ಬೆಳಿಗ್ಗೆ ಸ್ವಲ್ಪ ತಕರಾರು ಮಾಡುತ್ತದೆ, ನಾನು ಅದರ ಮಾತಿಗೆ ಬೆಲೆ ಕೊಡುವುದಿಲ್ಲ.

ಫೋನು ಇರುವಾಗ ಅಮ್ಮನಿಗೆ ಕಾಗದ ಬರೆಯುವ ಹುಚ್ಚು ಎಲ್ಲಿಂದ ಬಂತು ಎಂದು ನೀನೂ ಪುರಂದರನೂ ನಗಬಹುದು. ನಗಿ. ಫೋನು ಮಾಡಿದರೆ ಆ ಕಡೆ ಯಾರೋ ಹಿಂದಿಯಲ್ಲಿ ಕೂಗುತ್ತಿರುತ್ತಾರೆ. ಈ ಕಡೆ ರೇಂಜು ಸಿಗಬೇಕಾದರೆ ನಾನು ದನದ ಹಟ್ಟಿಯ ಹಿಂದೆ ಹೋಗಿ ನಿಲ್ಲಬೇಕು. ನಿಂತು ಆಡುವ ಮಾತು ಬೇರೆ, ಕುಳಿತು ಹೇಳುವ ಮಾತು ಬೇರೆ. ನಾವು ಮನೆಯೊಳಗೆ ಮರಾಟಿ ಮಾತಾಡಿದರೂ ನಾನು ಅಕ್ಷರ ಕಲಿತದ್ದು ಕನ್ನಡ ಶಾಲೆಯಲ್ಲಿ, ಎಸ್.ಎಸ್.ಎಲ್.ಸಿ.ಯನ್ನು ಒಂದೇ ಸಲಕ್ಕೆ ಪಾಸು ಮಾಡಿದವಳು. ಆ ಕಾಲದಲ್ಲಿ ನಮ್ಮ ಕೂಟದಲ್ಲಿ ಹಾಗೆ ಪಾಸಾದ ಹೆಂಗಸು ಇನ್ನೊಬ್ಬಳಿರಲಿಲ್ಲ. ಅದನ್ನು ಉಪಯೋಗಿಸದೆ ತುಕ್ಕು ಹಿಡಿಸಲು ನನಗೆ ಮನಸ್ಸಿಲ್ಲ.

ನೀನು ಕಳುಹಿಸಿದ ವೀಸಾದ ಪ್ರತಿ ಸೊಸೆ ಭವ್ಯಶ್ರೀಯ ಫೋನಿಗೆ ಬಂದಿದೆ. ಜೂನ್ ತಿಂಗಳೊಳಗೆ ಅವಳು ಅಲ್ಲಿಗೆ ಬರಬೇಕೆಂದು ನೀನು ಹೇಳಿದ್ದೂ ತಿಳಿಯಿತು. ಅದರಲ್ಲಿ ತಪ್ಪೇನೂ ಇಲ್ಲ. ಹೋದ ವರ್ಷ ಅವಳ ಎಂ.ಎಸ್ಸಿ. ಮುಗಿದಾಗ "ಇನ್ನು ಒಂದೇ ವರ್ಷ, ನಮ್ಮ ಸುರಂಗದ ನೀರಿನ ಅಧ್ಯಯನ ಮುಗಿಸಿ ಬರುತ್ತೇನೆ" ಎಂದು ಅವಳು ಮಾತು ಕೊಟ್ಟಿದ್ದಳು. ನೀನು ಒಪ್ಪಿ, ಆ ವರ್ಷವನ್ನು ಒಬ್ಬನೇ ಬೇಯಿಸಿ ಉಂಡು ಕಳೆದೆ. ಮದುವೆಯಾಗಿ ಇಷ್ಟು ಕಾಲವಾಯಿತು, ಇನ್ನೂ ತೊಟ್ಟಿಲು ಕಟ್ಟಲಿಲ್ಲವೇ ಎಂದು ಊರವರು ನನ್ನನ್ನು ಕೇಳುತ್ತಾರೆ, ನಿನ್ನನ್ನೂ ಕೇಳುತ್ತಿರಬಹುದು. ನಾನು ಅವರಿಗೆ ಉತ್ತರ ಕೊಡುವುದಿಲ್ಲ. ಆದರೆ ಆ ವರ್ಷ ಮುಗಿಯುವ ಹೊತ್ತಿಗೆ ಇಲ್ಲಿ ಒಂದು ಸಂಗತಿ ನಡೆದಿದೆ. ಭವ್ಯಶ್ರೀ ಅದನ್ನು ನಿನಗೆ ಹೇಳುವುದಿಲ್ಲ, ಯಾಕೆಂದರೆ ಅದರಲ್ಲಿ ನನ್ನ ಹೆಸರು ಬರುತ್ತದೆ. ಹಾಗಾಗಿ ನಾನೇ ಹೇಳುತ್ತೇನೆ. ಮೊದಲಿನಿಂದ ಹೇಳದಿದ್ದರೆ ನಿನಗೆ ಅರ್ಥವಾಗದು. ನೀನು ರಜೆಯಲ್ಲಿ ಬಂದಾಗ ಹೆಂಡತಿಯ ಕಾಲೇಜು ನೋಡಲು ಹೋಗದೆ ನಾಯ್ಮಾರ್ಮೂಲೆಯಲ್ಲಿ ಬೈಕು ರಿಪೇರಿ ಮಾಡಿಸುತ್ತಾ ಕುಳಿತವನು.

ನೀನು ಪ್ಲಸ್ ಟು ಮುಗಿಸಿದ ವರ್ಷ ನಮ್ಮ ಮರಾಟಿಯವರು ಬುಡಕಟ್ಟಿನ ಪಟ್ಟಿಯಲ್ಲಿ ಇರಲಿಲ್ಲ. ಮೊದಲು ಇದ್ದೆವು, ಆಮೇಲೆ ಪುನಃ ಸೇರಿಸಿದರು, ನಡುವೆ ಹತ್ತು ವರ್ಷ ಹೊರಗಿದ್ದೆವು. ಆ ಹತ್ತು ವರ್ಷದೊಳಗೆ ನಿನ್ನ ಪಾಲಿಟೆಕ್ನಿಕ್ ಸೀಟು ಹೋಯಿತು. ನೀನು ಒಂದು ಮಾತೂ ಆಡದೆ ಪಾಸ್‌ಪೋರ್ಟ್ ಮಾಡಿಸಿದೆ. ನಾನೂ ಆಡಲಿಲ್ಲ, ಆದರೆ ಮರೆಯಲಿಲ್ಲ. ಪಟ್ಟಿಗೆ ಮರಳಿ ಬಂದ ಮೇಲೆ ಮೇಲಿನ ಬೋಳು ಗುಡ್ಡೆಯ ಪದವಿನಲ್ಲಿ ಬುಡಕಟ್ಟಿನ ಮಕ್ಕಳಿಗೆಂದೇ ಶುರುವಾದ ಕಾಲೇಜಿನಲ್ಲಿ ಪರಿಸರ ವಿಜ್ಞಾನದ ಎಂ.ಎಸ್ಸಿ. ತೆರೆದರು, ಮೊದಲ ತಂಡಕ್ಕೆ ಮಕ್ಕಳು ಸಾಲದು ಎಂದು ಗೊತ್ತಾಯಿತು. ಆಗ ಬಿ.ಎಸ್ಸಿ. ಮಾಡಿ ನನ್ನ ಅಡುಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ಸೊಸೆಯನ್ನು "ಹೋಗಿ ಹೆಸರು ಕೊಡು" ಎಂದು ಕಳುಹಿಸಿದವಳು ನಾನೇ. ಸಂಜೆ ದೀಪ ಹಚ್ಚುವ ಮೊದಲು ಮನೆಯಲ್ಲಿರಬೇಕು ಎಂದು ಷರತ್ತು ಹಾಕಿದೆ. ಆ ಷರತ್ತು ಎರಡೇ ವಾರ ಬಾಳಿತು, ಯಾಕೆಂದರೆ ಮೇಲಿನ ಪದವಿನ ಬಸ್ಸಿಗೆ ನಮ್ಮ ದೀಪದ ಹೊತ್ತು ಗೊತ್ತಿಲ್ಲ.

ಕಾಲೇಜು ಎಂದರೆ ಆಗ ಶೀಟಿನ ಮಾಡಿನ ಎರಡು ಕೋಣೆ. ಯಂತ್ರಗಳು ಪೆಟ್ಟಿಗೆಯಲ್ಲೇ ಇದ್ದವು, ಅವುಗಳನ್ನು ನಡೆಸಲು ಕರೆಂಟು ಬಂದಿರಲಿಲ್ಲ. ಪಾಠ ಮಾಡಲು ಬಂದವಳು ಶ್ರೀರಂಜಿನಿ ಟೀಚರ್. ಭಟ್ಟರ ಮನೆಯ ಹುಡುಗಿ, ದೊಡ್ಡ ಊರಿನಲ್ಲಿ ಡಾಕ್ಟರೇಟ್ ಮಾಡಿ ಬಂದವಳು, ಒಂದು ವರ್ಷದಲ್ಲಿ ವರ್ಗ ಮಾಡಿಸಿಕೊಂಡು ಓಡುತ್ತಾಳೆ ಎಂದು ನಾನು ಎಣಿಸಿದ್ದೆ. ಓಡಲಿಲ್ಲ. ಒಂದು ರಕ್ಷಕ ಶಿಕ್ಷಕ ಸಭೆಗೆ ಯಾವುದೋ ಆಫೀಸಿನ ದೊಡ್ಡವರೊಬ್ಬರು ಬಂದಿದ್ದರು. ಇಲ್ಲಿ ಎಂ.ಎಸ್ಸಿ. ಮಾತ್ರ ಸಾಲದು, ಸಂಶೋಧನೆಯೂ ಆಗಬೇಕು, ಮಕ್ಕಳು ಇಲ್ಲಿಯೇ ಪಿಎಚ್.ಡಿ. ಮಾಡುವಂತಾಗಬೇಕು ಎಂದು ಟೀಚರ್ ಹೇಳಿದಾಗ ಅವರು ಗಡ್ಡ ತುರಿಸಿಕೊಂಡು, "ಇಲ್ಲಿಯ ಮಕ್ಕಳಿಗೆ ಡಿಗ್ರಿ ಸಾಕು ಟೀಚರೇ, ಹೆಚ್ಚೆಂದರೆ ಒಂದು ಬಿ.ಎಡ್. ರಿಸರ್ಚೆಲ್ಲ ಎಂತಕ್ಕೆ?" ಎಂದರು. ನಾನು ಎದ್ದು ನಿಂತು "ನಿಮ್ಮ ಮಗ ಎಂತ ಓದುವುದು ಸಾರ್?" ಎಂದು ಕೇಳಿದೆ. "ಎಂಜಿನಿಯರಿಂಗ್, ಆಮೇಲೆ ಎಂ.ಟೆಕ್." ಎಂದರು. "ಹಾಗಾದರೆ ಸಾಕು ಎಂಬುದು ಎಲ್ಲಿ ಮುಗಿಯುತ್ತದೆ ಎಂದು ನಿಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ನಮಗೆ ಹೇಳಿಕೊಡಬೇಡಿ" ಎಂದೆ. ಸಭೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ಸಿಳ್ಳೆ ಹಾಕಿದವನನ್ನೂ ನಾನು ಗದರಿಸಿದೆ, ಸಭೆಯೆಂದರೆ ಕೋಳಿ ಅಂಕವಲ್ಲ.

ಆ ಸಭೆಯ ಮರುವಾರವೇ ಟೀಚರ್ ನಮ್ಮ ಮನೆಗೆ ಬಂದಳು. ನಿನ್ನ ಅಜ್ಜ ಮುರಕಲ್ಲಿನ ಗುಡ್ಡೆಯ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದ ಬಾಯಲ್ಲಿ ನಿಂತು, ಒಳಗಿನ ಒರತೆ ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ತೊಟ್ಟಿಗೆ ಬೀಳುವುದನ್ನು ಸುಮಾರು ಹೊತ್ತು ನೋಡಿದಳು. "ಅಮ್ಮ, ನಮ್ಮ ಲ್ಯಾಬಿಗೆ ಕರೆಂಟು ಬರುವವರೆಗೆ ಇದೇ ನಮ್ಮ ಲ್ಯಾಬು" ಎಂದಳು. ಅಂದಿನಿಂದ ನಮ್ಮ ಜಗಲಿಯ ಒಂದು ಮೂಲೆ ಕಾಲೇಜಿಗೆ ಹೋಯಿತು. ಮೀನು ತರುವ ಐಸಿನ ಪೆಟ್ಟಿಗೆಯಲ್ಲಿ ನೀರಿನ ಬಾಟಲಿಗಳು, ಬೇಲಿಯ ಮೇಲೆ ಒಣಗಲು ಹಾಕಿದ, ನೀರಿನ ಹುಳ ಹಿಡಿಯುವ ಬಲೆಗಳು. ಭವ್ಯಶ್ರೀಯ ಜೊತೆಗೆ ಓದುವ ಸುಂದರಿ ಎಂಬ ಕೊರಗರ ಹುಡುಗಿ ಮೊದಲ ದಿನ ಅಂಗಳದ ಅಂಚಿನಲ್ಲೇ ನಿಂತಳು. ಅವಳ ಅಜ್ಜಿ ಬುಟ್ಟಿ ಮಾರಲು ಬಂದಾಗ ಅಲ್ಲೇ ನಿಲ್ಲುತ್ತಿದ್ದಳು. "ಎಂ.ಎಸ್ಸಿ. ಓದುವವಳು ಅಂಗಳದಲ್ಲಿ ನಿಲ್ಲುವುದೆಂತ? ಒಳಗೆ ಬಾ, ಗಂಜಿ ಆರುತ್ತದೆ" ಎಂದು ಗದರಿದೆ. ಟೀಚರೂ ಅವಳೂ ಒಂದೇ ಚಾಪೆಯಲ್ಲಿ ಕುಳಿತು ನನ್ನ ಗಂಜಿ, ಕುಡು ಚಟ್ನಿ ಉಂಡರು. ನಿನ್ನ ಚಿಕ್ಕಪ್ಪ ವಾಸಪ್ಪ ಇವರಿಬ್ಬರಿಗೂ ಬೆಳ್ಳಿ ಲೋಟ ಹೊರಗೆ ಬಂತೆಂದು ಕಣ್ಣು ಬಿಟ್ಟ. ನಾನೂ ಕಣ್ಣು ಬಿಟ್ಟೆ. ಅವನು ಎಲೆ ಅಡಿಕೆಯ ತಟ್ಟೆ ಎಳೆದುಕೊಂಡ.

ಆಚೆ ಗುಡ್ಡೆಯ ಗೇರುತೋಟಕ್ಕೆ ಹೆಲಿಕಾಪ್ಟರಿನಿಂದ ಹುಳ ಸಾಯುವ ಮದ್ದು ಬಿಡುತ್ತಿದ್ದ ಕಾಲ ನಿನಗೆ ನೆನಪಿರಬಹುದು, ಶಾಲೆಯಿಂದ ಓಡಿ ಬಂದು ಅಂಗಳದಲ್ಲಿ ನಿಂತು ಕೈಬೀಸುತ್ತಿದ್ದೆ. ನಾನೂ ಬೇಡ ಎನ್ನಲಿಲ್ಲ, ಅದೇನು ಬೀಳುತ್ತಿದೆ ಎಂದು ಯಾರಿಗೆ ಗೊತ್ತಿತ್ತು? ಅದು ವಿಷವೆಂದು ಗೊತ್ತಾಗಿ ನಿಂತ ಮೇಲೆ ಪರೀಕ್ಷೆಗೆಂದು ನೀರು ಕೊಂಡುಹೋಗುವವರು ಬಂದರು. ತಿರುವನಂತಪುರದಿಂದ ಬಂದರು, ದೆಹಲಿಯಿಂದ ಬಂದರು, ಹೆಸರು ಹೇಳದವರೂ ಬಂದರು. ನಿನ್ನ ಅಪ್ಪ ಪ್ರತಿಯೊಬ್ಬರಿಗೂ ಎಳನೀರು ಕೆತ್ತಿ ಕೊಟ್ಟರು. ಸುರಂಗದ ನೀರನ್ನು ಬಾಟಲಿಗೆ ತುಂಬಿಸಿ, ಚೀಟಿ ಅಂಟಿಸಿ, "ರಿಸಲ್ಟ್ ತಿಳಿಸುತ್ತೇವೆ" ಎಂದು ಜೀಪು ಹತ್ತಿದರು. ಒಬ್ಬರಾದರೂ ತಿಳಿಸಲಿಲ್ಲ. ನಮ್ಮ ನೀರು ಕುಡಿಯಬಹುದೋ ಬಾರದೋ ಎಂಬುದು ಎಲ್ಲೋ ದೂರದ ಒಂದು ಕಪಾಟಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ನಾವು ಕುಡಿಯುತ್ತಾ ಬಂದೆವು. ಬೇರೆ ನೀರು ಎಲ್ಲಿತ್ತು?

ಹಾಗಾಗಿ ಈ ಮಾರ್ಚ್ ತಿಂಗಳಲ್ಲಿ ನಡೆದದ್ದನ್ನು ನೀನು ಸರಿಯಾಗಿ ಓದಬೇಕು. ಭವ್ಯಶ್ರೀಯೂ ಸುಂದರಿಯೂ ಸುತ್ತಿನ ಮನೆಗಳ ಬಾವಿ, ಸುರಂಗಗಳ ನೀರನ್ನು ಪರೀಕ್ಷೆ ಮಾಡಿದ್ದರು. ಒಂದು ಆದಿತ್ಯವಾರ ಎಲ್ಲರನ್ನೂ ನಮ್ಮ ಅಂಗಳಕ್ಕೆ ಕರೆದು, ಯಾರ ನೀರಿನಲ್ಲಿ ಏನಿದೆ ಎಂದು ತುಳುವಿನಲ್ಲೂ ಕನ್ನಡದಲ್ಲೂ ಓದಿ ಹೇಳಿದರು. ವಾಸಪ್ಪನ ಬಾವಿಗೆ ಹಟ್ಟಿಯ ಕೊಳೆ ಇಳಿಯುತ್ತಿದೆ ಎಂದಾಗ ಅವನು "ನನ್ನ ಬಾವಿಯ ಮಾನ ಹರಾಜು ಹಾಕಿದಳು ಈ ಹುಡುಗಿ" ಎಂದು ಎದ್ದು ಹೋದ. ಮರುದಿನ ಮಾತ್ರ ಸೆಗಣಿ ಗುಂಡಿಯನ್ನು ಆಚೆ ಬದಿಗೆ ಸಾಗಿಸುತ್ತಿದ್ದ. "ನನ್ನ ನೀರು ಕುಡಿಯಬಹುದಾ ಮಗಾ?" ಎಂದು ಒಬ್ಬೊಬ್ಬರಾಗಿ ಕೇಳಿದರು. ಇವಳು ಒಬ್ಬೊಬ್ಬರಿಗೂ ಹೇಳಿದಳು. ಆ ಹಳೆಯ ಮದ್ದಿನ ಅಂಶ ಇನ್ನೂ ಮಣ್ಣಿನಲ್ಲಿ, ನೀರಿನಲ್ಲಿ ಉಳಿದಿದೆಯೇ ಎಂದು ಕೇಳಿದಾಗ ಮಾತ್ರ, "ಅದನ್ನು ನೋಡುವ ಯಂತ್ರ ನಮ್ಮಲ್ಲಿಲ್ಲ, ಸಂಶೋಧನಾ ಕೇಂದ್ರ ಮಂಜೂರಾದರೆ ಬರುತ್ತದೆ, 'ಇಲ್ಲ' ಎಂದು ನಾನು ಈಗ ಸುಳ್ಳು ಹೇಳುವುದಿಲ್ಲ" ಎಂದಳು. ನಾನು ಜಗಲಿಯ ಕಂಬಕ್ಕೊರಗಿ ಕುಳಿತಿದ್ದೆ. ನೀರು ಕೊಂಡುಹೋದವರು ಉತ್ತರ ಹಿಡಿದುಕೊಂಡು ಅದೇ ಅಂಗಳಕ್ಕೆ ವಾಪಸು ಬಂದದ್ದನ್ನು ನನ್ನ ಜೀವಮಾನದಲ್ಲಿ ನೋಡಿದ್ದು ಅಂದೇ. ನಿನ್ನ ಅಪ್ಪ ಇರಬೇಕಿತ್ತು.

ಇನ್ನು ನನ್ನ ಹೆಸರು ಬರುವ ಭಾಗ. ಸಂಶೋಧನಾ ಕೇಂದ್ರ ಕೊಡಬೇಕೋ ಬೇಡವೋ ಎಂದು ನೋಡಲು ವಿಶ್ವವಿದ್ಯಾಲಯದ ಸಮಿತಿ ಏಪ್ರಿಲ್ ಮೊದಲ ವಾರ ಬರುವುದೆಂದಾಯಿತು. ಅವರಿಗೆ ತೋರಿಸಬೇಕಾದ ಮುಖ್ಯ ಕೆಲಸವೇ ನಮ್ಮ ಸುರಂಗದ್ದು. ಮಳೆಗಾಲದಿಂದ ಬೇಸಿಗೆಯವರೆಗೆ ಆ ನೀರಿನಲ್ಲಿ ಯಾವ ಯಾವ ಜೀವಿಗಳಿವೆ ಎಂದು ಭವ್ಯಶ್ರೀ ವಾರ ತಪ್ಪದೆ ಬರೆದಿಟ್ಟಿದ್ದಳು. ಏಡಿ, ಬಸವನಹುಳು, ಕಪ್ಪೆಮರಿ, ಕಲ್ಲಿಗೆ ಅಂಟಿಕೊಂಡಿರುವ ಏನೇನೋ ಹುಳಗಳು, ಒಳಗೆ ತೂಗಾಡುವ ಬಾವಲಿಗಳು. ಇವೆಲ್ಲ ಇದ್ದರೆ ನೀರು ಒಳ್ಳೆಯದು, ಒಂದೊಂದಾಗಿ ಕಾಣೆಯಾದರೆ ನೀರು ಕೆಡುತ್ತಿದೆ ಎಂದು ಲೆಕ್ಕವಂತೆ. ನನಗೂ ಹೇಳಿದ್ದಳು, ನಾನೂ ಕೇಳಿದ್ದೆ. ಆದರೆ ಮಹಮ್ಮಾಯಿಯ ಪೂಜೆಗೆ ಮೊದಲು ಸುರಂಗದ ಕೆಸರು ತೆಗೆದು ತೊಟ್ಟಿ ತಿಕ್ಕುವುದು ಈ ಮನೆಯ ಕ್ರಮ. ಈ ವರ್ಷ ಸೊಸೆ ಕೇಳಿಕೊಂಡಳೆಂದು ಅದನ್ನು ಬಿಟ್ಟಿದ್ದೆ, ಮನಸ್ಸಿನಲ್ಲಿ ಅದು ಮುಳ್ಳಿನಂತೆ ಕೂತಿತ್ತು. ದೇವಿ ಮನೆಯವಳು, ಕ್ಷಮಿಸುತ್ತಾಳೆ. ಆದರೆ ಹೊರಗಿನಿಂದ ಬಂದು ನೋಡಿ ಹೋಗಿ ಬರೆಯುವವರು ಕ್ಷಮಿಸುತ್ತಾರೆಯೇ? ಪಾಚಿ ಹಿಡಿದ ತೊಟ್ಟಿಯನ್ನು ದೊಡ್ಡವರ ಮುಂದೆ ಇಡುವುದೆಂದರೆ ತೊಳೆಯದ ತಟ್ಟೆಯಲ್ಲಿ ಊಟ ಬಡಿಸಿದ ಹಾಗೆ.

ಭವ್ಯಶ್ರೀ ಸಮಿತಿಯ ತಯಾರಿಗೆಂದು ಹಿಂದಿನ ಎರಡು ದಿನ ಕಾಲೇಜಿನ ಹಾಸ್ಟೆಲಿನಲ್ಲೇ ಉಳಿದಿದ್ದಳು. ನಾನು ವಾಸಪ್ಪನನ್ನು ಕರೆದೆ. ಅವನು ಸುರಂಗದೊಳಗೆ ತೆಂಗಿನ ಸಿಪ್ಪೆಯ ಹೊಗೆ ಹಾಕಿ ಬಾವಲಿಗಳನ್ನು ಓಡಿಸಿದ, ಕೆಸರನ್ನೆಲ್ಲ ಬುಟ್ಟಿಯಲ್ಲಿ ಹೊರಗೆ ಹಾಕಿದ. ನಾನು ತೊಟ್ಟಿಯನ್ನು ಕತ್ತದ ನಾರಿನಿಂದ ತಿಕ್ಕಿದೆ, ಡೆಂಗಿ ಜ್ವರದ ಸಮಯದಲ್ಲಿ ಆರೋಗ್ಯ ಇಲಾಖೆಯವರು ಕೊಟ್ಟ ಬ್ಲೀಚಿಂಗ್ ಪೌಡರ್ ಡಬ್ಬಿಯನ್ನು ಪೂರ್ತಿ ಸುರಿದೆ. ಒಳಗೂ ಎರಚಿಸಿದೆ. ಸಂಜೆಗೆ ತೊಟ್ಟಿ ಹೊಸ ಪಾತ್ರೆಯ ಹಾಗೆ ಹೊಳೆಯುತ್ತಿತ್ತು. ಕಟ್ಟೆಯ ಮೇಲೆ ರಂಗೋಲಿಯನ್ನೂ ಹಾಕಿದೆ. ಇದರಲ್ಲಿ ನಗುವಂಥದ್ದು ಏನಿದೆ ಎಂದು ನನಗೆ ಇವತ್ತಿಗೂ ತಿಳಿಯದು, ಆದರೆ ಪುರಂದರ ಕೇಳಿದಾಗ ನೆಲದ ಮೇಲೆ ಬಿದ್ದು ನಕ್ಕ.

ಸಮಿತಿಯವರು ಮೂವರು. ಅಧ್ಯಕ್ಷರು ಬಿಳಿ ಗಡ್ಡದ ಮಲಯಾಳಿ ಪ್ರೊಫೆಸರು. ಅವರು ತೊಟ್ಟಿಯ ಕಡೆ ಬಗ್ಗಿ, ಮೂಗು ಸೊಟ್ಟ ಮಾಡಿ, ಬಿಳಿ ತಟ್ಟೆಯಲ್ಲಿ ನೀರು ಎತ್ತಿ ಭೂತಕನ್ನಡಿ ಹಿಡಿದು ನೋಡಿದರು. ತಟ್ಟೆಯಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಪಕ್ಕದಲ್ಲಿದ್ದ ಸಣಕಲು ಮನುಷ್ಯ ವರದಿಯ ಹಾಳೆ ಮಗುಚುತ್ತಾ, "ಇದರಲ್ಲಿ ಬರೆದ ಪ್ರಾಣಿಗಳೆಲ್ಲ ಎಲ್ಲಿ? ಹಾಸ್ಟೆಲಿನಲ್ಲಿ ಕುಳಿತು ಬರೆದದ್ದೋ?" ಎಂದ. ಶ್ರೀರಂಜಿನಿ ಟೀಚರಿನ ಮುಖ ಬಿಳುಚಿತು. ಭವ್ಯಶ್ರೀ ನೀರನ್ನು ನೋಡಿದಳು, ತಿಕ್ಕಿದ ಕಲ್ಲನ್ನು ನೋಡಿದಳು, ರಂಗೋಲಿಯನ್ನು ನೋಡಿದಳು, ಕಡೆಗೆ ನನ್ನನ್ನು ನೋಡಿದಳು. ಅವಳಿಗೆ ಎಲ್ಲವೂ ತಿಳಿಯಿತು. ಕಣ್ಣು ಕೆಳಗೆ ಹಾಕಿ "ಗೊತ್ತಿಲ್ಲ ಸರ್" ಎಂದಳು. ಇಡೀ ವರ್ಷ ಜ್ವರದಲ್ಲೂ ಮಳೆಯಲ್ಲೂ ಆ ನೀರಿನ ಮುಂದೆ ಕುಳಿತವಳು, ಅತ್ತೆಯ ಮಾನ ಹೋಗಬಾರದೆಂದು, ತನ್ನನ್ನು ಸುಳ್ಳಿ ಎಂದರೂ ಪರವಾಗಿಲ್ಲ ಎಂದು ನಿಂತಳು. ಮಗಾ, ನಾನು ಎಷ್ಟೋ ಜನರ ಮುಂದೆ ತಲೆ ಎತ್ತಿ ಬಾಳಿದವಳು. ಇನ್ನೊಬ್ಬಳ ತಲೆ ತಗ್ಗಿಸಿ ನನ್ನ ತಲೆ ಎತ್ತಿಕೊಳ್ಳುವ ಅಗತ್ಯ ನನಗಿಲ್ಲ.

"ಪೌಡರ್ ನಾನು ಹಾಕಿದ್ದು" ಎಂದೆ. ಮಲಯಾಳದಲ್ಲೇ ಹೇಳಿದೆ. ನನ್ನ ಮಲಯಾಳ ನಿನಗೆ ಗೊತ್ತಲ್ಲ, ಬಸ್ಸಿನ ಕಂಡಕ್ಟರನೊಂದಿಗೆ ಜಗಳವಾಡಲು ಸಾಕಾಗುವಷ್ಟು. "ಹುಡುಗಿ ಬರೆದದ್ದು ಸುಳ್ಳಲ್ಲ. ಹುಳ ಇತ್ತು, ಏಡಿ ಇತ್ತು, ಪಾಚಿ ಇತ್ತು. ನೀವು ಬರುತ್ತೀರಿ ಎಂದು ನಾನು ತೆಗೆಸಿದೆ. ನನ್ನ ಮನೆಯ ನೀರು ಕೊಳಕು ಎಂದು ನಿಮ್ಮ ಕಾಗದದಲ್ಲಿ ಹೋಗಬಾರದಲ್ಲ?" ಹಿಂದಿನಿಂದ ವಾಸಪ್ಪ, ಬಹುಮಾನ ಕೇಳುವವನ ಹಾಗೆ, "ಹೊಗೆ ಹಾಕಿದ್ದು ನಾನು ಸಾರ್" ಎಂದ. ಅಧ್ಯಕ್ಷರು ಕಟ್ಟೆಯ ಮೇಲೆ, ನನ್ನ ರಂಗೋಲಿಯ ಮೇಲೆಯೇ, ಕುಳಿತು ಕಣ್ಣೊರೆಸಿಕೊಂಡು ನಕ್ಕರು. "ಸಾರಮಿಲ್ಲ ಅಮ್ಮೇ, ಸಾರಮಿಲ್ಲ" ಎಂದು, ಅಂದರೆ ಪರವಾಗಿಲ್ಲ ಎಂದು, ನನ್ನನ್ನೇ ಸಮಾಧಾನ ಮಾಡಿದರು.

ಸಣಕಲು ಮನುಷ್ಯ ನಗಲಿಲ್ಲ. "ಇತ್ತು ಎಂಬುದಕ್ಕೆ ಸಾಕ್ಷಿ ಏನು?" ಎಂದ. ಆಗ ಭವ್ಯಶ್ರೀ ತಲೆ ಎತ್ತಿದಳು. ಅವಳ ಆ ಸ್ವರವನ್ನು ನೀನು ಕೇಳಿರಲಾರೆ, ನಾನೂ ಅಂದೇ ಕೇಳಿದ್ದು. "ಇವತ್ತಿನಿಂದ ಬರೆಯುತ್ತೇನೆ ಸರ್. ಹೋದ ಜೀವಿಗಳು ಒಂದೊಂದಾಗಿ ವಾಪಸು ಬರುತ್ತವೆ. ನಿಮ್ಮವರೇ ಯಾರಾದರೂ ತಿಂಗಳಿಗೊಮ್ಮೆ ಬಂದು ನೋಡಲಿ. ಇನ್ನೊಂದು ಮಳೆಗಾಲ, ಇನ್ನೊಂದು ಬೇಸಿಗೆ ಕಳೆಯುವಾಗ ಬಂದವು ನನ್ನ ವರದಿಗೆ ಹೊಂದದಿದ್ದರೆ ನಾನು ಸುಳ್ಳು ಬರೆದೆ ಎಂದು ನೀವು ಬರೆಯಿರಿ" ಎಂದಳು. ಅಧ್ಯಕ್ಷರು ಎದ್ದು ನಿಂತರು. ಒಂದು ಸುರಂಗದ ನೀರಿನ ಜೀವವನ್ನೆಲ್ಲ ತೆಗೆದು, ಅದು ಹೇಗೆ ಮರಳುತ್ತದೆಂದು ನೋಡುವ ಪ್ರಯೋಗಕ್ಕೆ ಯಾವ ವಿಶ್ವವಿದ್ಯಾಲಯವೂ ಒಪ್ಪಿಗೆ ಕೊಡುವುದಿಲ್ಲ, ಇಲ್ಲಿ ಅಮ್ಮನೇ ಮಾಡಿಕೊಟ್ಟಿದ್ದಾರೆ, ಮೊದಲಿನ ಒಂದು ವರ್ಷದ ದಾಖಲೆಯೂ ಇದೆ, ಇನ್ನೇನು ಬೇಕು ಎಂದು ಟೀಚರಿಗೆ ಹೇಳಿದರು. ಹೊಗಳಿಕೆಯೋ ಬೈಗುಳವೋ ಎಂದು ತಿಳಿಯದೆ ನಾನು ಸುಮ್ಮನೆ ಎಲ್ಲರಿಗೂ ಮಜ್ಜಿಗೆ ಕೊಟ್ಟೆ. ಆ ಸಣಕಲನಿಗೆ ಉಪ್ಪು ಸ್ವಲ್ಪ ಜಾಸ್ತಿ ಬಿತ್ತು.

ಬಿಸು ಹಬ್ಬ ಕಳೆದ ಮೇಲೆ ಅವರ ತೀರ್ಮಾನ ಬಂತು. ಇದೇ ಜಾಗದಲ್ಲಿ, ಇದೇ ಕೈಯಿಂದ ಇನ್ನೊಂದು ವರ್ಷದ ದಾಖಲೆ ಆಗಬೇಕು. ಅದು ಆದರೆ ಪದವಿನ ಕಾಲೇಜಿಗೆ ಸಂಶೋಧನಾ ಕೇಂದ್ರ. ಅಲ್ಲಿಯ ಮೊದಲ ಪಿಎಚ್.ಡಿ. ವಿದ್ಯಾರ್ಥಿಯಾಗಿ ಟೀಚರ್ ಭವ್ಯಶ್ರೀಯ ಹೆಸರು ಬರೆದಿದ್ದಾಳೆ. ಪಿಎಚ್.ಡಿ. ಎಂದರೆ ಆ ಒಂದು ವರ್ಷವಲ್ಲದೆ ಮತ್ತೂ ಮೂರು ನಾಲ್ಕು ವರ್ಷವಂತೆ, ಅದನ್ನು ನಾನು ನಿನ್ನಿಂದ ಮುಚ್ಚಿಡುವುದಿಲ್ಲ. "ನನ್ನ ಹೆಸರು ತೆಗೆಯಿರಿ ಟೀಚರ್, ನಾನು ಜೂನಿನಲ್ಲಿ ಹೋಗುವವಳು, ಸುಂದರಿ ಮಾಡಲಿ" ಎಂದಳು ಇವಳು. ಟೀಚರ್ ಕಾಗದ ಮಡಚಿ ಚೀಲಕ್ಕೆ ಹಾಕಿ ಬಸ್ಸಿಗೆ ಹೋದಳು. ಸುಂದರಿ ಮಾತ್ರ ನನ್ನ ಹಿಂದೆ ಅಡುಗೆಮನೆಗೆ ಬಂದು, "ಬಾಟಲಿ ತುಂಬಿಸಲಿಕ್ಕೆ ನನಗೂ ಗೊತ್ತುಂಟು ಅಮ್ಮ. ಆದರೆ ಮೊದಲ ವರ್ಷ ನೋಡಿದ ಕಣ್ಣು ನನ್ನದಲ್ಲವಲ್ಲ, ಅವರು ಒಪ್ಪುವುದಿಲ್ಲ" ಎಂದಳು.

ಸಮಿತಿ ಹೋದ ಮೇಲೆ ಎರಡು ದಿನ ಭವ್ಯಶ್ರೀ ನನ್ನೊಂದಿಗೆ ಮಾತು ಬಿಟ್ಟಿದ್ದಳು. ಬಿಡಲಿ, ನನಗೆ ಬೇಕಾದದ್ದು ಸೊಸೆ, ಬೊಂಬೆಯಲ್ಲ. ಮೂರನೆಯ ಬೆಳಿಗ್ಗೆ ತೊಟ್ಟಿಯ ಬಳಿಯಿಂದ "ಅತ್ತೇ, ಬಂತು! ಬೇಗ ಬನ್ನಿ!" ಎಂದು ಕೂಗಿದಳು. ಬೆಂಕಿ ಬಿತ್ತೋ ಹಾವು ಬಂತೋ ಎಂದು ಮೊಣಗಂಟು ಮರೆತು ಓಡಿದೆ. ನೀರಿನ ಮೇಲೆ ಉದ್ದ ಕಾಲಿನ ಒಂದು ಹುಳ ಓಡಾಡುತ್ತಿತ್ತು. ಅಷ್ಟೇ. ಅದನ್ನು ಇಬ್ಬರೂ ನೆಂಟರನ್ನು ನೋಡಿದ ಹಾಗೆ ನೋಡಿದೆವು. ಆಮೇಲೆ ಬಾವಲಿಗಳು ಬಂದವು. ಈಗ ಕಲ್ಲಿನ ಮೇಲೆ ಹಸಿರು ಪಸರಿಸುತ್ತಿದೆ, ಅದನ್ನು ಯಾರೂ ಮುಟ್ಟದಂತೆ ನಾನೇ ಕಾವಲು. ನಿನ್ನೆ ವಾಸಪ್ಪ ಅಲ್ಲಿ ಕಾಲು ತೊಳೆಯಲು ಹೋಗಿ ನನ್ನಿಂದ ಬೈಸಿಕೊಂಡ. "ಪೌಡರ್ ಹಾಕಿದ್ದು ಯಾರು ಅತ್ತಿಗೆ?" ಎಂದು ತಿರುಗಿ ಕೇಳಿದ, ಮೀಸೆ ತಿರುವುತ್ತಾ. ಅವನಿಗೆ ಇನ್ನು ಸಾಯುವವರೆಗೆ ಇದೊಂದು ಮಾತು ಸಾಕು. ಮನೆಯಲ್ಲಿ ಹೀಗೆ ನಗು ಇದೆ, ಕಲಿಯುವ ಮಕ್ಕಳು ಬಂದು ಹೋಗುತ್ತಾರೆ, ದಿನಕ್ಕೆ ಒಂದು ಸೇರು ಅಕ್ಕಿ ಹೆಚ್ಚು ಬೇಯುತ್ತದೆ. ನನಗೆ ಸಂತೋಷವಾಗಿದೆ. ಈ ಮಾತನ್ನು ನಾನು ಹೆಚ್ಚಾಗಿ ಬರೆಯುವವಳಲ್ಲ.

ಇಷ್ಟು ಹೇಳಿದ್ದು ನಿನಗೆ ಸಂಗತಿ ತಿಳಿದಿರಲಿ ಎಂದು ಮಾತ್ರ. ಭವ್ಯಶ್ರೀ ಮಾತಿಗೆ ತಪ್ಪುವವಳಲ್ಲ, ಬರುತ್ತಾಳೆ. ಅಟ್ಟದಿಂದ ಸೂಟ್‌ಕೇಸು ಇಳಿಸಿ ಒರೆಸಿಟ್ಟಿದ್ದಾಳೆ. ನಿನಗೆ ತರಲು ಉಪ್ಪಿನಕಾಯಿಗೆ ಮಿಡಿ ಕೂಡ ನೋಡಿದ್ದಾಳೆ. ನಾನು ನಡುವೆ ಬರುವುದಿಲ್ಲ. ಗಂಡ ಹೆಂಡಿರ ಮಾತಿನಲ್ಲಿ ಅತ್ತೆ ಬಾಯಿ ಹಾಕಿದ ಮನೆ ಉದ್ಧಾರವಾದದ್ದನ್ನು ನಾನು ಎಲ್ಲೂ ಕಂಡಿಲ್ಲ.

ಪುರಂದರನಿಗೆ ಜಾಸ್ತಿ ಕೆಲಸ ಕೊಡಬೇಡ, ಅವನು ನನ್ನ ಕಾಗದ ಹೊತ್ತು ತಂದಿದ್ದಾನೆ. ರೂಮಿನ ಎಲ್ಲರಿಗೂ ನನ್ನ ನೆನಪು ತಿಳಿಸು. ವಾಸಪ್ಪನೂ ನಿನ್ನನ್ನು ಕೇಳಿದ್ದಾನೆ. ಮಹಮ್ಮಾಯಿ ನಿನ್ನ ಬೆನ್ನಿಗೆ ಬಲ ಕೊಡಲಿ, ಹೊತ್ತಿಗೆ ಸರಿಯಾಗಿ ಉಣ್ಣುವ ಬುದ್ಧಿಯನ್ನೂ ಕೊಡಲಿ.

ಇಂತು ನಿನ್ನ ಅಮ್ಮ,
ದಮಯಂತಿ

ಮತ್ತೊಂದು ಮಾತು: ಮಂಗಳವಾರ ಸಂಜೆಯಾಯಿತು. ಪುರಂದರ ಪೆಟ್ಟಿಗೆ ತೂಗಬೇಕೆಂದು ಅಂಗಳದಲ್ಲಿ ನಿಂತು ಅವಸರ ಮಾಡುತ್ತಿದ್ದಾನೆ. ನಡುವೆ ಬರುವುದಿಲ್ಲ ಎಂದು ಮೇಲೆ ಬರೆದದ್ದನ್ನು ಬಿಡು. ಶುಕ್ರವಾರ ನೀನು ಫೋನು ಮಾಡಿದಾಗ ಅವಳು "ಟಿಕೆಟ್ ಮಾಡಿ, ಬರುತ್ತೇನೆ" ಎನ್ನುತ್ತಾಳೆ. ನಗುತ್ತಲೇ ಹೇಳುತ್ತಾಳೆ, ಆ ನಗುವನ್ನು ನಂಬಬೇಡ. "ಬರುವುದಿಲ್ಲ" ಎಂಬ ಮಾತು ಅವಳ ಬಾಯಿಂದ ಬರದು. ನಾನು "ಹೋಗಬೇಡ" ಎಂದರೆ ಅದು ಅತ್ತೆಯ ಅಪ್ಪಣೆಯಾಗುತ್ತದೆ, ಅವಳು ಗಂಡನಿಂದ ಕದ್ದ ಹಾಗೆ ಓದಬೇಕಾಗುತ್ತದೆ. ಆ ಮಾತು ನಿನ್ನಿಂದಲೇ ಬರಬೇಕು. ಟಿಕೆಟಿನ ಮಾತು ಎತ್ತುವ ಮೊದಲು "ಈ ವಾರ ನೀರಿಗೆ ಎಂತೆಲ್ಲ ಬಂತು?" ಎಂದು ಕೇಳು. ಅವಳು ಹೇಳಲು ಶುರುಮಾಡುತ್ತಾಳೆ, ನಡುವೆ ತಡೆಯಬೇಡ, ಯಾರು ಕೂಗಿದರೂ ಫೋನು ಇಡಬೇಡ. ಪೂರ್ತಿ ಕೇಳಿದ ಮೇಲೂ ಅವಳನ್ನು ಕರೆಸಿಕೊಳ್ಳಬೇಕೆಂದು ನಿನಗೆ ಅನ್ನಿಸಿದರೆ ಕರೆಸಿಕೋ. ನಾನೇ ಮಂಗಳೂರಿಗೆ ಹೋಗಿ ವಿಮಾನ ಹತ್ತಿಸುತ್ತೇನೆ.